ತಾಳಕ್ಕಿಂತ ಅರ್ಧ ಕ್ಷಣ ಹಿಂದೆ

ಟೂಟಿಂಗ್‌ಗೆ ಕುಚ್ಚಲಕ್ಕಿ ತರಲು ಹೋಗುತ್ತಿದ್ದೇನೆ ಎಂದು ನಾದಿನಿ ಎಲೀಷಾಳಿಗೆ ಫೋನಿನಲ್ಲಿ ಹೇಳಿದ ಸುಳ್ಳು, ರೈಲು ಹೆಂಡನ್ ಸ್ಟೇಷನ್ ದಾಟಿದರೂ ಸುಜಾನಳ ಬಾಯಲ್ಲಿ ಹಾಗೇ ಉಳಿದಿತ್ತು. ಪೂರ್ತಿ ಸುಳ್ಳೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಡಚಿದ ಚೀಲ ಕೈಯಲ್ಲೇ ಇದೆ, ಬರುವಾಗ ಐದು ಕಿಲೋ ಅಕ್ಕಿ ಹೊತ್ತು ತಂದರೆ ಮಾತು ತನ್ನಷ್ಟಕ್ಕೇ ನಿಜವಾಗುತ್ತದೆ. ಇಪ್ಪತ್ತೆಂಟು ವರ್ಷ ಈ ಪರದೇಶದ ಊರಿನ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು, ಎಷ್ಟೋ ಜನರ ಕಣ್ಣುಗಳನ್ನು ಕೊನೆಯ ಸಲ ತನ್ನ ಕೈಯಾರೆ ಮುಚ್ಚಿದವಳಿಗೆ ಈ ಐವತ್ತಾರನೇ ವಯಸ್ಸಿನಲ್ಲಿ ಅಕ್ಕಿ ಚೀಲದ ಹಿಂದೆ ಅಡಗುವ ಗತಿ ಬಂತಲ್ಲ ಎಂದು ನಾಚಿಕೆಯಾಯಿತು. ಸುರಂಗಕ್ಕಿಳಿದ ರೈಲಿನ ಎದುರಿನ ಕಿಟಕಿಯ ಕಪ್ಪು ಗಾಜಿನಲ್ಲಿ ಕಪ್ಪು ಕಾರ್ಡಿಗನ್ ತೊಟ್ಟ ಹೆಂಗಸೊಬ್ಬಳು ಇವಳನ್ನೇ ನೋಡುತ್ತಿದ್ದಳು. ಗಂಡ ಫ್ರಾನ್ಸಿಸ್ ಸತ್ತು ಹನ್ನೊಂದು ತಿಂಗಳು ಮೂರು ವಾರ. ಚರ್ಚಿನಲ್ಲಿ ವರ್ಷದ ಪೂಜೆ ನಾಳೆ ಬಿಟ್ಟು ಮುಂದಿನ ಭಾನುವಾರ. ಅಲ್ಲಿಯವರೆಗೆ ಕಪ್ಪು ಬಿಡಬಾರದು, ಚರ್ಚು ಬಿಟ್ಟು ಬೇರೆಲ್ಲೂ ನಾಲ್ಕು ಜನರೆದುರು ಹಾಡಬಾರದು, ಸಂಗೀತದ ಹತ್ತಿರವೂ ಸುಳಿಯಬಾರದು. ಹುಟ್ಟೂರು ಶಿರ್ವದಲ್ಲಿ ಅವಳ ಅಜ್ಜಿಯ ಕಾಲದಲ್ಲಿ ಎಷ್ಟು ಗಟ್ಟಿಯಿತ್ತೋ, ಕ್ವೀನ್ಸ್‌ಬರಿಯ ಎಲೀಷಾಳ ಅಡುಗೆಮನೆಯಲ್ಲಿ ಈ ನಿಯಮ ಅದಕ್ಕಿಂತ ಒಂದು ಗುಂಜಿ ಹೆಚ್ಚೇ ಗಟ್ಟಿಯಾಗಿ ಉಳಿದುಕೊಂಡಿತ್ತು.

ಇನ್ನು ಎಂಟೇ ದಿನ ತಡೆಯಬಹುದಿತ್ತು. ಆದರೆ ಪಬ್ಬಿನ ಯಜಮಾನ ತಡೆಯುವುದಿಲ್ಲ. ಸೋಮವಾರ ಅವನು ತೀರ್ಮಾನ ಹೇಳುತ್ತಾನೆ. ಟೂಟಿಂಗ್‌ನ ಆ ಪಬ್ಬಿನ ಹಿಂದಿನ ಕೋಣೆಯಲ್ಲಿ ಪ್ರತಿ ತಿಂಗಳ ಕೊನೆಯ ಶುಕ್ರವಾರ, ಇಪ್ಪತ್ತೆರಡು ವರ್ಷ, ಸುಜಾನ್ ಸೋಲ್ ಎಂಬ ಬಗೆಯ ಹಾಡು ಹಾಡಿದ್ದಳು. ಎದೆಯಲ್ಲಿರುವುದನ್ನು ಅವಸರವಿಲ್ಲದೆ, ಒಂದೊಂದು ಸ್ವರವನ್ನೂ ಎಳೆದು ಬಗ್ಗಿಸಿ ಹೊರಗಿಡುವ ಹಾಡು ಅದು. ನರ್ಸ್‌ಗಳ ಹಾಸ್ಟೆಲಿನಲ್ಲಿ ಟ್ರಿನಿಡಾಡಿನ ಹಿರಿಯ ಸಿಸ್ಟರ್ ಒಬ್ಬಳು ಇಸ್ತ್ರಿ ಮಾಡುತ್ತ ಹಾಕುತ್ತಿದ್ದ ಕ್ಯಾಸೆಟ್ಟುಗಳಿಂದ ಅವಳು ಅದನ್ನು ಕಲಿತದ್ದು. ಅವಳ ಹಿಂದೆ ಬೇಸ್ ಗಿಟಾರು ಹಿಡಿದು ಫ್ರಾನ್ಸಿಸ್ ನಿಲ್ಲುತ್ತಿದ್ದ. ಡ್ರಮ್ಸಿನವರು, ಕೀಬೋರ್ಡಿನವರು ಬದಲಾಗುತ್ತಲೇ ಇದ್ದರು. ಯಾರು ಬಂದರೂ ಮೊದಲ ದಿನವೇ ಅವರ ಕಣ್ಣು ಫ್ರಾನ್ಸಿಸ್‌ನ ಬೆರಳುಗಳ ಮೇಲೆ ಹೋಗಿ ಕೂರುತ್ತಿತ್ತು. ಅದೇಕೆಂದು ಅವಳು ಯಾವತ್ತೂ ಯೋಚಿಸಿದವಳಲ್ಲ. ಈಗ ಅದೇ ಕೋಣೆಗೆ ಬಣ್ಣದ ದೀಪ ಬಂದಿದೆ, ಜನರಿಗೆ ಡಿಸ್ಕೋ ಬೇಕಂತೆ. ಡಿಸ್ಕೋ ರಾತ್ರಿ ನಡೆಸುವವನು ಅಮೋಘ್ ಎಂಬ ಬೆಂಗಳೂರಿನ ಹುಡುಗ, ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಭಾನುವಾರ ಹಾಡು ಕಟ್ಟುವುದು. ತನ್ನ ಡಿಸ್ಕೋಗೆ ಎದುರು ನಿಂತು ಹಾಡುವವರು ಬೇಕು, ನಿಮ್ಮ ದನಿ ಕೇಳಿದ್ದೇನೆ, ಒಮ್ಮೆ ಬನ್ನಿ, ರೆಕಾರ್ಡ್ ಮಾಡಿ ನೋಡೋಣ ಎಂದು ಅವನೇ ಫೋನ್ ಮಾಡಿದ್ದ. ಇವತ್ತಿನ ರೆಕಾರ್ಡಿಂಗ್ ಸರಿಬಂದು ಯಜಮಾನ ಒಪ್ಪಿದರೆ ಕೊನೆಯ ಶುಕ್ರವಾರ ಅವಳದೇ ಆಗಿ ಉಳಿಯುತ್ತದೆ. ಇಲ್ಲದಿದ್ದರೆ ಅವಳಿಗೆ ಉಳಿಯುವುದು ಕೊಲಿಂಡೇಲ್‌ನ ಆರನೇ ಮಹಡಿಯ ಫ್ಲ್ಯಾಟು, ಫ್ಲ್ಯಾಟಿನ ಬಾಗಿಲ ಹಿಂದೆ ತೂಗುವ ಫ್ರಾನ್ಸಿಸ್‌ನ ಕೋಟು, ಮತ್ತು ಚರ್ಚಿನಲ್ಲಿ ತಿಂಗಳಿಗೊಮ್ಮೆ ನಡೆಯುವ ಕೊಂಕಣಿ ಪೂಜೆಯಲ್ಲಿ ಗಾಯಕವೃಂದದ ಹಿಂದಿನ ಸಾಲು.

ಹಿಂದಿನ ಸಾಲಿನ ನೆನಪಾದರೆ ಸಾಕು, ಅವಳ ಕಿವಿ ಬಿಸಿಯಾಗುತ್ತಿತ್ತು. ಫ್ರಾನ್ಸಿಸ್ ಹೋದ ಎರಡನೇ ತಿಂಗಳಿಗೇ ಗಾಯಕವೃಂದ ನಡೆಸುವ ಎಡ್ಸನ್ ಹತ್ತಿರ ಬಂದು, ದನಿ ತಗ್ಗಿಸಿ, ಆಂಟಿ, ನೀವು ಸ್ವಲ್ಪ ದಿನ ಹಿಂದೆ ನಿಂತುಕೊಳ್ಳಿ, ಮೈಕ್ ಬೇಡ, ಆರಾಮ ತೆಗೆದುಕೊಳ್ಳಿ ಎಂದಿದ್ದ. ಅವನ ಮುಖದಲ್ಲಿದ್ದ ಸಂಕೋಚ ನೋಡಿ ಅವಳಿಗೆ ಎಲ್ಲ ಅರ್ಥವಾಗಿತ್ತು. ವಿಧವೆ ಮುಂದೆ ನಿಲ್ಲಬಾರದು, ವರ್ಷ ಕಳೆಯಬೇಕು. ಇವನಿಗಿನ್ನೂ ಮೂವತ್ತೈದು, ಈ ದೇಶದಲ್ಲಿ ಓದಿದವನು, ಇವನೂ ಹೀಗಾ ಎಂದು ಸಿಟ್ಟು ಬಂದಿತ್ತು. ಜೊತೆಗೇ, ಹೇಳಿಕೊಳ್ಳಲಾರದ ಒಂದು ಹೆಮ್ಮೆಯೂ ಆಗಿತ್ತು. ದುಃಖದ ಗೌರವಕ್ಕಾಗಿ ತಾನು ಹಿಂದೆ ಸರಿದಿದ್ದೇನೆ, ಎಲ್ಲರೂ ನೋಡುತ್ತಿದ್ದಾರೆ ಎಂಬ ಹೆಮ್ಮೆ. ಹತ್ತು ತಿಂಗಳಿಂದ ಕಂಬದ ಪಕ್ಕ ನಿಂತು ತುಟಿ ಮಾತ್ರ ಆಡಿಸುತ್ತಿದ್ದಳು. ಪೂಜೆ ಮುಗಿದು ಚಹಾ ಕುಡಿಯುವಾಗ ಎಡ್ಸನ್ ಎದುರಾದರೆ ಮುಖ ತಿರುಗಿಸುತ್ತಿದ್ದಳು. ವರ್ಷ ಮುಗಿದ ಮರುದಿನವೇ ಹೋಗಿ ಮೈಕಿನ ಎದುರು ನಿಲ್ಲುತ್ತೇನೆ, ಆಗ ಏನನ್ನುತ್ತಾನೋ ನೋಡುತ್ತೇನೆ ಎಂದು ಕಾಯುತ್ತಿದ್ದಳು.

ರೈಲು ಬ್ಯಾಂಕ್ ಎಂಬ ಸ್ಟೇಷನ್ ದಾಟಿತು. ಯಾರೋ ಇಳಿದರು, ಯಾರೋ ಹತ್ತಿದರು, ಯಾರೂ ಯಾರನ್ನೂ ನೋಡಲಿಲ್ಲ. ಡಿಸ್ಕೋ ಎಂಬ ಮಾತು ಕೇಳಿದಾಗಲೆಲ್ಲ ಅವಳಿಗೆ ಕಾಣಿಸುತ್ತಿದ್ದದ್ದು ಬಣ್ಣದ ದೀಪವಲ್ಲ, ಫ್ರಾನ್ಸಿಸ್‌ನ ಮುಖ. ಎಂಟು ವರ್ಷದ ಹಿಂದೆ ಒಂದು ಅಭ್ಯಾಸದ ದಿನ ಅವಳು ನೀರು ಕುಡಿಯಲು ಹೋದಾಗ ಅವನು ಡಿಸ್ಕೋ ನುಡಿಸಲು ಶುರುಮಾಡಿದ್ದ. ಕೆಳಗಿನ ಸ್ವರ, ತಕ್ಷಣ ಅದೇ ಸ್ವರ ಮೇಲೆ, ಮತ್ತೆ ಕೆಳಗೆ, ಮತ್ತೆ ಮೇಲೆ, ಎರಡು ಮೆಟ್ಟಿಲ ನಡುವೆ ಮಕ್ಕಳು ಹಾರಿದ ಹಾಗೆ. ಡ್ರಮ್ಸಿನವನು ಸೇರಿಕೊಂಡ, ಕೀಬೋರ್ಡಿನ ಹುಡುಗಿ ಎದ್ದು ನಿಂತು ಕೈ ತಟ್ಟಿದಳು. ಅರ್ಧ ನಿಮಿಷ ಆ ಕೋಣೆ ಬೇರೆಯೇ ಕೋಣೆಯಾಗಿತ್ತು. ಫ್ರಾನ್ಸಿಸ್ ಹಲ್ಲು ಕಾಣುವಂತೆ ನಗುತ್ತಿದ್ದ. ಮದುವೆಯಾದ ಮೇಲೆ ಅವನು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಬಹುಶಃ ಅದೇ ಅವಳಿಗೆ ಚುಚ್ಚಿದ್ದು. ಗ್ಲಾಸು ಕೆಳಗಿಟ್ಟು, ಕೊಂಕಣಿಯಲ್ಲಿ ಹೇಳಿ ಮುಗಿಸಬಹುದಾಗಿದ್ದನ್ನು ಎಲ್ಲರಿಗೂ ತಿಳಿಯಲೆಂದೇ ಇಂಗ್ಲಿಷಿನಲ್ಲಿ ಹೇಳಿದ್ದಳು. ಇದೇನು ಮದುವೆ ಹಾಲಿನ ಗಲಾಟೆಯಾ, ಇಲ್ಲಿ ನಾನು ಹಾಡುವುದಾ ಅಥವಾ ನೀನು ಕುಣಿಯುವುದಾ ಎಂದು. ಅವನು ಸಾರಿ ಎಂದ. ತಲೆ ತಗ್ಗಿಸಿ ಗಿಟಾರಿನ ಕಿವಿ ತಿರುಗಿಸಿ ಶ್ರುತಿ ಮಾಡತೊಡಗಿದ. ಶ್ರುತಿ ಸರಿಯಾಗೇ ಇತ್ತು. ಆಮೇಲೆ ಅವನು ಯಾವತ್ತೂ ಅದನ್ನು ನುಡಿಸಲಿಲ್ಲ. ಅವಳ ನಿಧಾನದ ಹಾಡುಗಳ ಹಿಂದೆ ಎರಡೆರಡು ಸ್ವರ ಒತ್ತುತ್ತ ನಿಂತೇ ಬಿಟ್ಟ. ಕೊನೆಗೊಂದು ದಿನ ವಾಶಿಂಗ್ ಮೆಶೀನಿನಿಂದ ಬಟ್ಟೆ ತೆಗೆಯುತ್ತ ಬಾಗಿದವನು ಏಳಲೇ ಇಲ್ಲ. ಈಗ ಅವಳು ಡಿಸ್ಕೋ ಹಾಡಲು ಹೊರಟಿದ್ದಾಳೆ. ಇಷ್ಟು ಸುಲಭಕ್ಕೆ ಒಪ್ಪುವವಳು ಆಗಲೇ ಒಪ್ಪಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಗಾಜಿನೊಳಗಿನ ಕಪ್ಪು ಕಾರ್ಡಿಗನ್ನಿನ ಹೆಂಗಸು ಕೇಳಿದಳು. ಸುಜಾನ್ ಕಣ್ಣು ತಪ್ಪಿಸಿ ಅಂಗಿಗಳ ಜಾಹೀರಾತು ಓದಿದಳು.

ಅಮೋಘನ ಫ್ಲ್ಯಾಟು ಟೂಟಿಂಗ್‌ನ ಒಂದು ದೋಸೆ ಹೋಟೆಲಿನ ಮೇಲಿತ್ತು. ಮೆಟ್ಟಿಲ ಮೇಲೆಲ್ಲ ಸಾಂಬಾರಿನ ವಾಸನೆ. ಬಾಗಿಲು ತೆಗೆದವಳು ಅವನ ಹೆಂಡತಿ ಸಿರಿಶಾ. "ಬನ್ನಿ ಆಂಟಿ, ಚಪ್ಪಲಿ ಅಲ್ಲೇ ಬಿಡಿ. ಕಾಫಿ ಈಗಲೇ ಕೊಡ್ಲಾ, ಹಾಡಿದ್ಮೇಲಾ?" ಎಂದಳು. ಆಂಟಿ ಎಂಬ ಮಾತು ಸುಜಾನಳಿಗೆ ಕಾಲಿಗೆ ಮುಳ್ಳು ತಾಗಿದಂತೆ ತಾಗಿತು. ಪಬ್ಬಿನಲ್ಲಿ ಅವಳು ಸೂ. ಇಪ್ಪತ್ತರ ಹುಡುಗರೂ ಸೂ ಎಂದೇ ಕೂಗುತ್ತಿದ್ದರು. ಕನ್ನಡ ಮಾತಾಡುವ ಮನೆಗೆ ಕಾಲಿಟ್ಟ ಕೂಡಲೇ ವಯಸ್ಸು ಹೆಗಲ ಮೇಲೆ ಬಂದು ಕೂರುತ್ತದೆ. ಸ್ಟುಡಿಯೋ ಎಂದು ಅಮೋಘ್ ತೋರಿಸಿದ್ದು ಅವರ ಮಲಗುವ ಕೋಣೆಯನ್ನು. ಕಿಟಕಿಯ ಬಳಿ ಕಂಪ್ಯೂಟರು, ಎರಡು ಸ್ಪೀಕರು. ಹಾಡುವ ಜಾಗ ಮಾತ್ರ ಗೋಡೆಗೆ ಸೇರಿದ ದೊಡ್ಡ ಬಟ್ಟೆ ಕಪಾಟು.

"ಸಾರಿ ಆಂಟಿ, ಸ್ವಲ್ಪ ಇಕ್ಕಟ್ಟು. ಬಟ್ಟೆ ಇದ್ರೆ ಎಕೋ ಬರಲ್ಲ, ಅದಕ್ಕೇ ಮೈಕ್ ಇಲ್ಲಿಟ್ಟಿದೀನಿ."

"ಅಡ್ಡಿಯಿಲ್ಲ ಮಾರಾಯ. ನಮ್ಮ ಪಬ್ಬಿನ ಕೋಣೆಯೂ ಇದಕ್ಕಿಂತ ದೊಡ್ಡದೆಂತ ಇಲ್ಲ" ಎಂದು ಅವಳು ನಕ್ಕಳು. ನಗು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಕಪಾಟಿನೊಳಗೆ ನಿಂತರೆ ಎಡಕ್ಕೆ ಸಿರಿಶಾಳ ಕೋಟುಗಳು, ಬಲಕ್ಕೆ ಅಮೋಘನವು. ತೋಳಿಗೆ ತೋಳು ತಾಗಿಕೊಂಡು ನಿಂತಿದ್ದವು. ಹಾಡಬೇಕಾಗಿದ್ದ ಹಾಡೂ ಕೋಟಿನದೇ. ಅವಳೇ ಇಂಗ್ಲಿಷಿನಲ್ಲಿ ಬರೆದು, ಫ್ರಾನ್ಸಿಸ್ ರಾಗ ಹಚ್ಚಿದ ಒಂದೇ ಒಂದು ಹಾಡು. ಜಗಳವಾಡಿ ಮನೆ ಬಿಟ್ಟು ಹೊರಟವನಿಗೆ ಹೆಂಡತಿ ಇನ್ನೇನೂ ಹೇಳುವುದಿಲ್ಲ, ಹೊರಗೆ ಚಳಿ, ಕೋಟು ಹಾಕಿಕೊಂಡು ಹೋಗು ಎನ್ನುತ್ತಾಳೆ, ಅಷ್ಟೇ. ಪಬ್ಬಿನಲ್ಲಿ ಜನ ಅದನ್ನು ಕೇಳಿ ಕೇಳಿ ಹಾಡಿಸುತ್ತಿದ್ದರು. ಅಮೋಘ್ ಅದಕ್ಕೆ ವೇಗದ ಡಿಸ್ಕೋ ತಾಳ ಕಟ್ಟಿದ್ದ. ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಅದು ಎದೆಗೂಡಿನಲ್ಲಿ ಧಡ್ ಧಡ್ ಎಂದು ಶುರುವಾಯಿತು. ಕೆಟ್ಟದಾಗೇನೂ ಇರಲಿಲ್ಲ. ಕೆಟ್ಟದಾಗಿರಲಿ ಎಂದು ತಾನು ಒಳಗೊಳಗೇ ಬಯಸಿದ್ದೆ ಎಂಬುದು ಅವಳಿಗೆ ಆಗ ತಿಳಿಯಿತು. ಕಣ್ಣು ಮುಚ್ಚಿ ಹಾಡಿದಳು. ಮೊದಲ ಚರಣ ಮುಗಿಯುವ ಮೊದಲೇ ಹೆಡ್‌ಫೋನಿನಲ್ಲಿ ಅಮೋಘನ ದನಿ ಬಂತು.

"ಆಂಟಿ, ವಾಯ್ಸ್ ಸೂಪರ್. ಆದ್ರೆ ಸ್ವಲ್ಪ ಲೇಟಾಗ್ತಿದೆ."

"ಎಂತ ಲೇಟು?"

"ಬೀಟಿಗಿಂತ ಸ್ವಲ್ಪ ಹಿಂದೆ ಬರ್ತಿದೀರ. ಇನ್ನೊಂದ್ಸಲ ಮಾಡೋಣ, ಆರಾಮಾಗಿ."

ಮತ್ತೆ ಹಾಡಿದಳು. ಮತ್ತೆ ತಡ. ಮೂರನೇ ಸಲ, ನಾಲ್ಕನೇ ಸಲ. ಅಮೋಘ್ ಪ್ರತಿ ಸಲವೂ ಇನ್ನಷ್ಟು ನಯವಾಗಿ ಹೇಳುತ್ತಿದ್ದ. ವಯಸ್ಸಾದವರಿಗೆ ಇಂಜೆಕ್ಷನ್ ಚುಚ್ಚುವ ಮೊದಲು ತಾನೂ ಹೀಗೇ ಮಾತಾಡುತ್ತಿದ್ದೆ ಎಂಬುದು ಅವಳ ನೆನಪಿಗೆ ಬಂತು. ಐದನೇ ಸಲ ಹೆಡ್‌ಫೋನ್ ತೆಗೆದು ಕಪಾಟಿನಿಂದ ಹೊರಗೆ ಬಂದಳು.

"ನಿನ್ನ ಮೆಶೀನೇ ಓಡ್ತಾ ಉಂಟು. ಇಪ್ಪತ್ತೆರಡು ವರ್ಷ ಹಾಡಿದ್ದೇನೆ ನಾನು. ಒಬ್ಬರಾದ್ರೂ ನಂಗೆ ತಾಳ ತಪ್ಪಿತು ಅಂತ ಹೇಳ್ಲಿಲ್ಲ. ಬೇಕಾದ್ರೆ ನೋಡು." ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು. ಫ್ರಾನ್ಸಿಸ್ ತನ್ನ ಪುಟ್ಟ ರೆಕಾರ್ಡರಿನಲ್ಲಿ ಹಿಡಿದಿಟ್ಟ, ಎರಡು ವರ್ಷದ ಹಿಂದಿನ ಪಬ್ಬಿನ ಒಂದು ಶುಕ್ರವಾರ ಅದರಲ್ಲಿತ್ತು. ಹಳೆಯದೇನಾದರೂ ಇದ್ದರೆ ತನ್ನಿ ಎಂದು ಅಮೋಘನೇ ಹೇಳಿದ್ದ. ಫ್ರಾನ್ಸಿಸ್ ಹೋದ ಮೇಲೆ ಅವಳು ಅದನ್ನು ಒಮ್ಮೆಯೂ ಹಾಕಿ ಕೇಳಿರಲಿಲ್ಲ.

ಹಾಡು ಪರದೆಯ ಮೇಲೆ ಅಲೆಅಲೆಯಾಗಿ ಬಿಚ್ಚಿಕೊಂಡಿತು. ಕೋಣೆಯಲ್ಲಿ ಅವಳದೇ ದನಿ, ಗ್ಲಾಸುಗಳ ಸದ್ದು, ಯಾರದೋ ಕೆಮ್ಮು. ಅಮೋಘ್ ಮುಂದೆ ಬಾಗಿದ. ಗೆರೆಗಳನ್ನು ಹಾಕಿದ, ಅಳಿಸಿದ, ಮತ್ತೆ ಹಾಕಿದ. ಅವನ ಮುಖದಲ್ಲಿದ್ದ ಉಪಚಾರ ಮಾಯವಾಗಿ ಕುತೂಹಲ ಬಂದಿತ್ತು.

"ಆಂಟಿ, ಇದು ಸಕತ್ತಾಗಿದೆ. ಇಲ್ಲಿ ನೋಡಿ. ತಾಳ ಬರಬೇಕಾಗಿದ್ದು ಈ ಗೆರೆ ಮೇಲೆ. ನೀವು ಬರೋದು ಇಲ್ಲಿ, ಅರ್ಧ ಸೆಕೆಂಡ್ ಆದ್ಮೇಲೆ. ಬೇಸ್ ನುಡಿಸ್ತಿರೋರು ಏನ್ಮಾಡ್ತಾರೆ ಗೊತ್ತಾ? ಅವರೂ ಇಲ್ಲೇ ಬರ್ತಾರೆ. ನಿಮ್ಮ ಉಸಿರು ಕೇಳಿಸ್ಕೊಂಡು ನಿಲ್ತಾರೆ. ಡ್ರಮ್ಸ್ ಅವರ ಹಿಂದೆ ಹೋಗುತ್ತೆ. ಪ್ರತಿ ಸಾಲಿನಲ್ಲೂ ಹೀಗೇ. ಒಂದು ಸಲಾನೂ ಮಿಸ್ ಮಾಡಿಲ್ಲ. ಅದಕ್ಕೇ ಕೇಳೋರಿಗೆ ನೀವು ಲೇಟು ಅಂತ ಗೊತ್ತೇ ಆಗಲ್ಲ." ಅವನು ಹಿಂದಕ್ಕೆ ಒರಗಿದ. "ಹಿಂಗೆ ಕಾಯೋದು ತುಂಬಾ ಕಷ್ಟ. ಯಾರು ಇವರು?"

"ನನ್ನ ಗಂಡ."

"ಓ. ಸಾರಿ ಆಂಟಿ. ಅಂಕಲ್ ಬೇಸ್ ನುಡಿಸ್ತಿದ್ರು ಅಂತ ಗೊತ್ತಿರ್ಲಿಲ್ಲ."

ಅವಳು ಮಂಚದ ಅಂಚಿನಲ್ಲಿ ಕುಳಿತಳು. ಬೇರೆಯವರ ಮಂಚ ಎಂಬುದೂ ಮರೆತುಹೋಗಿತ್ತು. ಪರದೆಯ ಮೇಲೆ ಗೆರೆ ಒಂದು ಕಡೆ, ಅವಳು ಒಂದು ಕಡೆ, ಅವಳಿಗೆ ಅಂಟಿಕೊಂಡು ಅವನು. ಇಪ್ಪತ್ತೆರಡು ವರ್ಷ ಅವಳು ಅದನ್ನು ತನ್ನ ತಾಳ ಎಂದುಕೊಂಡಿದ್ದಳು. ಹೊಸ ಡ್ರಮ್ಸಿನವರು ಅವನ ಬೆರಳನ್ನೇ ಯಾಕೆ ನೋಡುತ್ತಿದ್ದರು ಎಂಬುದು ಈಗ ತಿಳಿಯಿತು. ಮೊದಲ ದಿನವೇ ಅವನು ಅವರನ್ನು ಮೂಲೆಗೆ ಕರೆದು ಹೇಳುತ್ತಿದ್ದಿರಬೇಕು, ಅವಳು ತಡವಾಗಿ ಬರುತ್ತಾಳೆ, ನನ್ನನ್ನು ನೋಡಿಕೊಳ್ಳಿ, ಅವಳಿಗೆ ಹೇಳಬೇಡಿ ಎಂದು. ಅವನು ಹಾಗೆ ಹೇಳುವುದು ಅವಳ ಕಣ್ಣಿಗೆ ಕಟ್ಟಿದಂತೆ ಕಂಡಿತು. ಚರ್ಚಿನಲ್ಲೂ ಗಿಟಾರು ಹಿಡಿಯುತ್ತಿದ್ದವನು ಅವನೇ ಅಲ್ಲವೇ? ಅಲ್ಲಿಯೂ ಇಡೀ ಗಾಯಕವೃಂದವನ್ನು ಅರ್ಧ ಕ್ಷಣ ಹಿಡಿದು ನಿಲ್ಲಿಸುತ್ತಿದ್ದವನು ಅವನೇ. ಅವನು ಹೋದ ಎರಡು ತಿಂಗಳು ಇಪ್ಪತ್ತು ಜನ ಒಂದು ಕಡೆ, ಇವಳು ಮೈಕಿನಲ್ಲಿ ಒಂದು ಕಡೆ. ಪಾಪ ಎಡ್ಸನ್! ಅವನ ಮುಖದಲ್ಲಿದ್ದದ್ದು ವಿಧವೆಯ ಬಗೆಗಿನ ಸಂಕೋಚವಲ್ಲ. ನೀವು ತಾಳ ತಪ್ಪುತ್ತೀರಿ ಎಂದು ಗಂಡ ಸತ್ತವಳಿಗೆ ಹೇಗೆ ಹೇಳುವುದು ಎಂಬ ಸಂಕೋಚ. ಹತ್ತು ತಿಂಗಳು ಕಂಬದ ಪಕ್ಕ ನಿಂತು ದುಃಖದ ಗೌರವ ಎಂದು ಹೆಮ್ಮೆಪಟ್ಟುಕೊಂಡದ್ದು ನೆನಪಾಗಿ, ಅವಳಿಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಚಹಾ ಹಂಚುತ್ತಿದ್ದ ಎಲೀಷಾಳಿಗೂ ಗೊತ್ತಿತ್ತೇನೋ.

"ನಾನು ಬೇಕಾದ್ರೆ ಕಂಪ್ಯೂಟರಲ್ಲಿ ನಿಮ್ಮ ವಾಯ್ಸ್ ಎಳೆದು ಬೀಟ್ ಮೇಲೆ ಕೂರಿಸ್ತೀನಿ" ಎಂದ ಅಮೋಘ್. "ಅದೇನ್ ದೊಡ್ಡದಲ್ಲ. ಎಲ್ಲರೂ ಮಾಡ್ತಾರೆ."

"ಪಬ್ಬಿನಲ್ಲಿ ಎದುರು ನಿಂತಾಗ ಯಾರು ಎಳೆಯುದು?"

ಸಿರಿಶಾ ಕಾಫಿ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೋದಳು. ಸುಮ್ಮನಿರಲಾರದೆ ಅಮೋಘ್ ಮತ್ತೇನೋ ಒತ್ತಿದ. "ಈಗ ಒಂದು ಸಾಫ್ಟ್‌ವೇರ್ ಬಂದಿದೆ ಆಂಟಿ, ಹಳೇ ರೆಕಾರ್ಡಿಂಗಿಂದ ಒಂದೊಂದು ವಾದ್ಯಾನೂ ಬೇರೆ ಮಾಡುತ್ತೆ. ಅಂಕಲ್‌ದು ಮಾತ್ರ ಕೇಳ್ತೀರಾ?" ಅವಳು ಬೇಡ ಎನ್ನುವಷ್ಟರಲ್ಲಿ ಅವಳ ದನಿ ಮಾಯವಾಯಿತು. ಗ್ಲಾಸು, ಕೆಮ್ಮು, ಡ್ರಮ್ಸು ಎಲ್ಲ ಮಾಯವಾಗಿ ಕೋಣೆಯಲ್ಲಿ ಫ್ರಾನ್ಸಿಸ್ ಒಬ್ಬನೇ ಉಳಿದ. ಇಷ್ಟು ವರ್ಷ ಅವನನ್ನು ಅವಳು ಒಂಟಿಯಾಗಿ ಕೇಳಿಯೇ ಇರಲಿಲ್ಲ. ಅವನಿಗೆ ಯಾವಾಗಲೂ ಬೆನ್ನು ತಿರುಗಿಸಿಯೇ ನಿಂತವಳು ಅವಳು. ಎರಡು ಸ್ವರ, ಮೌನ. ಎರಡು ಸ್ವರ, ಮೌನ. ಮೌನದಲ್ಲಿ ಅವಳು ಹಾಡುತ್ತಿದ್ದಳೆಂದು ಲೆಕ್ಕ. ಆಮೇಲೆ ಸಾಲಿನ ಕೊನೆ ಬಂತು, ಅವಳು ತಡ ಮಾಡುವ ಜಾಗ. ಅಲ್ಲಿ ಅವನು ಸುಮ್ಮನೆ ನಿಂತಿರಲಿಲ್ಲ. ತೀರ ಮೆತ್ತಗೆ, ಬೆರಳ ತುದಿಯಲ್ಲಿ, ಕೆಳಗಿನ ಸ್ವರ, ತಕ್ಷಣ ಅದೇ ಸ್ವರ ಮೇಲೆ, ಮತ್ತೆ ಕೆಳಗೆ, ಮತ್ತೆ ಮೇಲೆ.

"ಡಿಸ್ಕೋ!" ಎಂದ ಅಮೋಘ್, ಕುರ್ಚಿಯಲ್ಲಿ ನೆಟ್ಟಗಾಗಿ. "ಅಂಕಲ್ ಸ್ಲೋ ಸಾಂಗ್ ಒಳಗೆ ಡಿಸ್ಕೋ ನುಡಿಸ್ತಿದಾರೆ! ನೀವು ಬರೋವರೆಗೂ ಟೈಂಪಾಸ್ ಮಾಡ್ತಿದ್ದಾರೆ!"

ಮುಂದಿನ ಸಾಲಿನ ಕೊನೆಯಲ್ಲೂ ಅದೇ. ಅದರ ಮುಂದಿನದರಲ್ಲೂ. ಅವಳು ಎಷ್ಟು ತಡವೋ ಅಷ್ಟು ಹೊತ್ತು ಅವನದು. ಅವಳು ಬಂದ ಕೂಡಲೇ ಕೈ ಹಿಂದಕ್ಕೆ ತೆಗೆದು ಮತ್ತೆ ಆ ಎರಡು ಸ್ವರಗಳಿಗೆ ಇಳಿಯುತ್ತಿದ್ದ, ಯಜಮಾನಿ ಒಳಗೆ ಬಂದಳೆಂದು ಹರಟೆ ನಿಲ್ಲಿಸಿದವನಂತೆ. ಸುಜಾನಳಿಗೆ ಅಳು ಬಂತು. ಅವನನ್ನು ಮಣ್ಣು ಮಾಡಿದ ದಿನವೂ ಹೀಗೆ ಬಂದಿರಲಿಲ್ಲ. ತಾನು ಅವನಿಂದ ಕಿತ್ತುಕೊಂಡೆ ಎಂದುಕೊಂಡದ್ದನ್ನು ಅವನು ತನ್ನ ತಪ್ಪಿನ ಸಂದಿಯಲ್ಲೇ ಬಚ್ಚಿಟ್ಟುಕೊಂಡಿದ್ದ. ಅದು ಕ್ಷಮೆಯೋ, ತನ್ನಿಂದ ಮುಚ್ಚಿಟ್ಟುಕೊಂಡ ಸುಖವೋ ಎಂದು ಕೇಳಲು ಈಗ ಯಾರೂ ಇರಲಿಲ್ಲ. ಅರ್ಧ ಅರ್ಧ ಕ್ಷಣ! ಅಷ್ಟೂ ವರ್ಷದ್ದು ಸೇರಿಸಿದರೂ ಅವನ ಪಾಲಿಗೆ ಒಂದು ಪೂರ್ತಿ ಸಂಜೆಯಾಗುತ್ತಿತ್ತೋ ಇಲ್ಲವೋ.

ಅಮೋಘ್ ಟಿಶ್ಯೂ ಡಬ್ಬ ಮುಂದೆ ಸರಿಸಿ, ಕಿಟಕಿಯ ಹೊರಗೆ ಬಸ್ಸು ನೋಡುತ್ತ ಕೂತ. ಆಮೇಲೆ, ಬೈಸಿಕೊಳ್ಳಲು ತಯಾರಾದವನಂತೆ ಕೇಳಿದ. "ಆಂಟಿ, ಬೇಜಾರಾಗಲ್ಲ ಅಂದ್ರೆ. ನನ್ನ ಬೇಸ್ ತೆಗೆದುಬಿಟ್ಟು ಇದನ್ನೇ ಹಾಕ್ಲಾ? ಈ ನಾಕು ಬಡಿತ ಕತ್ತರಿಸಿ, ವೇಗ ಜಾಸ್ತಿ ಮಾಡಿ ಲೂಪ್ ಮಾಡ್ತೀನಿ. ಇಡೀ ಹಾಡಲ್ಲಿ ಅಂಕಲ್ ಅದೇ ನುಡಿಸ್ತಾ ಇರ್ತಾರೆ."

"ಹಾಕು" ಎಂದಳು. ಆಮೇಲೆ, "ಸ್ವಲ್ಪ ಜೋರಾಗಿಯೇ ಇರ್ಲಿ. ಅವನದ್ದು ಯಾವಾಗ್ಲೂ ಮೆತ್ತಗೇ ಇರ್ತಿತ್ತು" ಎಂದಳು.

ಮುಖ ತೊಳೆದು ಬಂದು ಮತ್ತೆ ಕೋಟುಗಳ ನಡುವೆ ನಿಂತಳು. ಹೆಡ್‌ಫೋನಿನಲ್ಲಿ ಧಡ್ ಧಡ್ ಶುರುವಾಯಿತು, ಅದರ ಮೇಲೆ ಫ್ರಾನ್ಸಿಸ್ ಬಂದ. ದೊಡ್ಡ ದನಿಯಲ್ಲಿ, ಯಾರಿಗೂ ಅಂಜದೆ. ಅವಳು ಉಸಿರೆಳೆದುಕೊಂಡಳು. ಆ ಉಸಿರಿಗೆ ಅವನು ನಿಲ್ಲುತ್ತಾನೆ ಎಂದು ಮೈಯೆಲ್ಲ ಕಾದಿತ್ತು. ಅವನು ನಿಲ್ಲಲಿಲ್ಲ. ಸಾಲು ಅವಳನ್ನು ಬಿಟ್ಟು ಮುಂದೆ ಹೋಯಿತು.

"ಇನ್ನೊಮ್ಮೆ" ಎಂದಳು. ಮತ್ತೆ ಅವನು ಅವಳನ್ನು ಬಿಟ್ಟು ಹೋದ. ಮೂರನೇ ಸಲವೂ ಬಿಟ್ಟು ಹೋದ.

"ಆಂಟಿ, ಅದು ನಿಲ್ಲಲ್ಲ. ಲೂಪ್ ಅದು, ಸುತ್ತಿ ಸುತ್ತಿ ಅದೇ ಬರ್ತಿರುತ್ತೆ."

"ಗೊತ್ತುಂಟು ಮಾರಾಯ. ನಂಗೆ ಗೊತ್ತುಂಟು."

ನಾಲ್ಕನೇ ಸಲ ಅವಳು ಉಸಿರನ್ನು ಮೊದಲೇ ತೆಗೆದುಕೊಂಡಳು. ಸ್ವರವನ್ನು ಎಳೆಯುವ ಆಸೆ ಗಂಟಲವರೆಗೆ ಬಂದದ್ದನ್ನು ನುಂಗಿದಳು. ಹೊರಡುವ ಬಸ್ಸಿಗೆ ಕಾಲಿಟ್ಟ ಹಾಗೆ ಬೇಸಿನ ಮೇಲೆ ಕಾಲಿಟ್ಟಳು. ಕೂತಿತು. ಮುಂದಿನ ಸಾಲೂ ಕೂತಿತು. ಹೊರಗೆ ಚಳಿ, ಕೋಟು ಹಾಕಿಕೊಂಡು ಹೋಗು. ಒಂದು ಕಡೆಯೂ ಹಿಂದೆ ಬೀಳದೆ, ಯಾರನ್ನೂ ಕಾಯಿಸದೆ, ಬದುಕಿನಲ್ಲಿ ಮೊದಲ ಸಲ ಅವಳು ಅವನ ಪಕ್ಕದಲ್ಲೇ ಹಾಡನ್ನು ಮುಗಿಸಿದಳು. ಕಪಾಟಿನ ಬಾಗಿಲ ಸಂದಿಯಿಂದ ಅಮೋಘ್ ಎರಡೂ ಹೆಬ್ಬೆರಳು ಎತ್ತಿದ್ದು ಕಾಣಿಸಿತು. "ಪರ್ಫೆಕ್ಟ್ ಆಂಟಿ! ಸೋಮವಾರ ನಾನೇ ಫೋನ್ ಮಾಡಿ ಹೇಳ್ತೀನಿ ಪಬ್ಬಿನವರಿಗೆ. ಶುಕ್ರವಾರ ನಿಮ್ದೇ" ಎಂದು ಅವನ ಕೈ ಮೆಶೀನ್ ನಿಲ್ಲಿಸಲು ಹೋಯಿತು.

"ನಿಲ್ಲಿಸಬೇಡ" ಎಂದಳು ಸುಜಾನ್. "ಅವನದ್ದೊಂದು ಇರ್ಲಿ. ಅವನು ಮುಗಿಸ್ಲಿ."

ಅಮೋಘ್ ಧಡ್ ಧಡ್ ತೆಗೆದ, ಅವಳ ದನಿ ತೆಗೆದ. ಕೆಳಗಿನ ಸ್ವರ, ಮೇಲಿನ ಸ್ವರ, ಕೆಳಗೆ, ಮೇಲೆ. ಕತ್ತಲೆಯಲ್ಲಿ ಯಾರದೋ ಕೋಟಿನ ತೋಳು ಹಿಡಿದು ಅವಳು ಕಾಯುತ್ತ ನಿಂತಳು. ಇಷ್ಟು ವರ್ಷ ಅವನು ಕಾದಿದ್ದ, ಈ ಸಲ ತಾನು ಕಾಯಬೇಕು ಎಂದುಕೊಂಡಳು. ಅವನು ಮುಗಿಸಲಿಲ್ಲ.